ಇಬ್ಬನಿ ಬೀಳದ ಜಾಗ

ಬೆಳಗಿನ ಐದೂ ಕಾಲು. ಬೀದಿ ದೀಪಗಳು ಇನ್ನೂ ಆರಿಲ್ಲ. ಹುಂಜಣ್ಣ ನನ್ನನ್ನು ಹಿಂದೆ ಕೂರಿಸಿಕೊಂಡು ಬಂದ ಸ್ಕೂಟರನ್ನು ತಿರುವಿನಲ್ಲೇ ನಿಲ್ಲಿಸಿ ಸದ್ದಾಗದಂತೆ ನಡೆದು, ಮೂರು ಮಹಡಿಯ ಮನೆಯೊಂದರ ಮುಂದೆ ಮೊಣಕಾಲೂರಿ ಕೂರುತ್ತಾರೆ. ಅಂಗೈಯಿಂದ ನೆಲ ಸವರುತ್ತಾರೆ. "ನೋಡಿ, ಇಬ್ಬನಿ ಬಿದ್ದು ಎಲ್ಲಾ ಕಡೆ ಒದ್ದೆ. ಕಾರು ರಾತ್ರಿಯೆಲ್ಲ ಇಲ್ಲೇ ಇದ್ದು ಈಗಷ್ಟೇ ಹೋಗಿದ್ರೆ, ಅದರ ಕೆಳಗೆ ಒಂದು ಮಂಚದಷ್ಟು ಜಾಗ ಒಣಗಿರ್ತಿತ್ತು." ಜೇಬಿನ ಪುಸ್ತಕ ತೆಗೆದು ಒಂದೇ ಪದ ಬರೆಯುತ್ತಾರೆ: ಇಲ್ಲ. ಅಲ್ಲಿಗೆ ಕಂಪನಿ ಕೊಟ್ಟ ಕೆಲಸ ಮುಗಿಯಿತು. ಆದರೂ ಹೊರಡುವುದಿಲ್ಲ. ಪಕ್ಕದ ಮನೆಯಲ್ಲಿ ದೀಪ ಹತ್ತುವವರೆಗೆ ಚಳಿಯಲ್ಲೇ ಕಾದು, ಹೋಗಿ ಬಾಗಿಲು ತಟ್ಟುತ್ತಾರೆ.

ಹುಂಜಣ್ಣನಿಗೆ ಐವತ್ತೆಂಟು. ಹುಂಜ ಕೂಗುವ ಮೊದಲೇ ಮನೆ ಬಿಡುವವರೆಂದು ಆಫೀಸಿನವರು ಇಟ್ಟ ಹೆಸರು. ಕಾರಿಗೆ ವಿಮೆ ಮಾಡಿಸುವವರು ಆ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆಂದು ವಿಳಾಸ ಕೊಡಬೇಕು. ಅದು ನಿಜವೇ ಎಂದು ನೋಡಿ ಬರುವುದು ಇಪ್ಪತ್ತೆರಡು ವರ್ಷಗಳಿಂದ ಇವರ ಹೊಟ್ಟೆಪಾಡು. ದಿನಕ್ಕೆ ಒಂಬತ್ತು ವಿಳಾಸ, ಅದರಲ್ಲಿ ಐದನ್ನಾದರೂ ಬಿಸಿಲೇರುವ ಮೊದಲು ಮುಗಿಸಬೇಕು. ನಾಯಿ ಎರಡು ಸಲ ಕಚ್ಚಿದೆ. ಕಳ್ಳನೆಂದು ಜನ ಹಿಡಿದದ್ದಕ್ಕೆ ಲೆಕ್ಕವಿಲ್ಲ. "ಕಟ್ಟಿಕೊಂಡೋಳು ನಿದ್ದೆ ಮಾಡಿದ್ಲಾ ಅಂತ ಒಂದಿನ ಕೇಳಲಿಲ್ಲ, ಕಂಡೋರ ಕಾರು ಎಲ್ಲಿ ಮಲಗಿತ್ತು ಅಂತ ಹುಡುಕ್ತಾರೆ," ಎಂದು ಅವರ ಹೆಂಡತಿ ನನ್ನೆದುರೇ ಛೇಡಿಸುತ್ತಾರೆ. ಹುಂಜಣ್ಣ ಚಹಾದ ಲೋಟದೊಳಗೆ ನಗುತ್ತಾರೆ.

ದಾರಿಯಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವವೇ. ವಾರದಲ್ಲಿ ಮೂರು ದಿನ ಅಕ್ಕನ ಮನೆ, ನಾಲ್ಕು ದಿನ ನಮ್ಮನೆ, ಯಾವ ವಿಳಾಸ ಬರೆಯಲಿ? ಅಪ್ಪನನ್ನು ನೋಡಿಕೊಳ್ಳಲು ಬಂದವರು ಎರಡು ತಿಂಗಳಿಂದ ಇಲ್ಲೇ ಇದ್ದೇವೆ, ಇದೂ ಮನೆ ಬದಲಿಸಿದ ಹಾಗೇನಾ? ಮನೆ ಬದಲಿಸಿದವರು ಪೇಪರ್ ಹಾಕುವವನಿಗೆ ಹೇಳುತ್ತಾರೆ, ಮಕ್ಕಳ ಶಾಲೆಗೆ ಹೇಳುತ್ತಾರೆ, ವಿಮೆಯವರಿಗೆ ಹೇಳುವುದು ಮಾತ್ರ ಮರೆಯುತ್ತಾರೆ. ಕಾರು ಜಜ್ಜಿಹೋದ ಮೇಲೆ ನೆನಪಾದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಕ್ಲೇಮು ತಿರಸ್ಕೃತವಾದವರಿಗೆ ಹುಂಜಣ್ಣ ಹೇಳುವುದು ಒಂದೇ: "ಫೋನಲ್ಲಿ ಜಗಳ ಆಡ್ಬೇಡಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತು. ದೂರು ಬರೆದು ಕೊಡಿ, ತಗೊಂಡಿದ್ದಕ್ಕೆ ಸೀಲು ಹಾಕಿಸ್ಕೊಳ್ಳಿ. ಅವರು ಕೇಳದಿದ್ರೆ ಮೇಲೆ ವಿಮೆ ದೂರು ಕೇಳೋ ಅಧಿಕಾರಿ ಇದ್ದಾರೆ."

ಈ ಮಾತನ್ನು ಅವರು ಕ್ಲೇಮು ಕೇಳಲು ಆಫೀಸಿಗೆ ಬಂದ ಒಬ್ಬ ಟೈಪಿಸ್ಟ್ ಹೆಂಗಸಿಗೂ ಹೇಳಿದರು. ಅದೀಗ ಅವರ ಕೆಲಸಕ್ಕೇ ಕುತ್ತು ತಂದಿದೆ.

ಆಕೆ ತನ್ನ ಬಾಡಿಗೆ ಮನೆಗೆ ಬೀಗ ಹಾಕಿ, ಕಿಡ್ನಿ ಹೋಗಿದ್ದ ತಾಯಿಯ ಮನೆಗೆ ಬಂದಿದ್ದಳು. ವಾರಕ್ಕೆ ಮೂರು ಸಲ ತಾಯಿಯನ್ನು ಡಯಾಲಿಸಿಸ್‌ಗೆ ಒಯ್ಯಬೇಕು. ಅದಕ್ಕೆ ಇದ್ದದ್ದು ಒಂದು ಹಳೆಯ ಸಣ್ಣ ಕಾರು. ಕಳೆದ ವರ್ಷ ಒಂದು ಮುಂಜಾನೆ ಹುಂಜಣ್ಣ ಆ ಬೀಗ ಹಾಕಿದ ಮನೆಯ ಮುಂದೆ ನಿಂತು, ಒದ್ದೆ ನೆಲ ಮುಟ್ಟಿ, 'ಇಲ್ಲ' ಎಂದು ಬರೆದು ವರದಿ ಕೊಟ್ಟರು. ಆಮೇಲೆ ಮರೆತರು. ಕಂಪನಿಯವರು ಆಕೆಗೆ ಒಂದು ಕಾಗದವನ್ನೂ ಬರೆಯಲಿಲ್ಲ. ವರದಿಯನ್ನು ಫೈಲಿನಲ್ಲಿಟ್ಟುಕೊಂಡು, ಅವಧಿ ಮುಗಿದಾಗ ಅದೇ ಹಳೆಯ ವಿಳಾಸಕ್ಕೆ ಪಾಲಿಸಿಯನ್ನು ನವೀಕರಿಸಿದರು. ನಾಲ್ಕು ತಿಂಗಳ ನಂತರ ಹಿಂದೆ ಸರಿಯುತ್ತಿದ್ದ ಲಾರಿಯೊಂದು ತಾಯಿಯ ಮನೆ ಮುಂದೆ ನಿಂತಿದ್ದ ಕಾರನ್ನು ಗೋಡೆಗೆ ಒತ್ತಿತು. ಆಗ ಆ ಫೈಲು ಹೊರಗೆ ಬಂತು. ತಪ್ಪು ವಿಳಾಸ, ಕ್ಲೇಮು ಇಲ್ಲ.

ಆ ಬಳಿಕ ತಾಯಿಯ ಡಯಾಲಿಸಿಸ್ ಒಂದೊಂದಾಗಿ ತಪ್ಪಿದವು. ಒಮ್ಮೆ ಗಾಡಿ ಸಿಗಲಿಲ್ಲ, ಒಮ್ಮೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ, ಆಮೇಲೆ ಮುದುಕಿಯೇ ಬೇಡ ಎನ್ನತೊಡಗಿದರು. "ನನ್ನ ನೋಡ್ಕೊಳ್ಳೋಕೆ ಬಂದು ನಿನ್ನ ಕಾರು ಹೋಯ್ತು ಅಂತ ದಿನಾ ಅಳ್ತಿದ್ಲು," ಎಂದು ಮಗಳು ನನಗೆ ಹೇಳಿದಳು. "ಹಾಗೆ ಅಳ್ತಾನೇ ಹೋದ್ಲು."

ತೀರಿಕೊಂಡು ಆರು ವಾರವಾಗಿದೆ. ಮಗಳ ದೂರು ಗುರುವಾರ ಅಧಿಕಾರಿಯ ಮುಂದೆ ಬರುತ್ತದೆ. ಆಕೆ ಮನೆ ಬದಲಿಸಿದ್ದು ಅಪಘಾತಕ್ಕೆ ಮೊದಲು ನಮಗೆ ಗೊತ್ತೇ ಇರಲಿಲ್ಲ ಎಂಬುದು ಈಗ ಆ ವರದಿಯನ್ನೇ ಮುಚ್ಚಿಟ್ಟಿರುವ ಕಂಪನಿಯ ವಾದ. ಗೊತ್ತಿತ್ತು ಎಂಬುದಕ್ಕೆ ಇರುವ ಪುರಾವೆ ಹುಂಜಣ್ಣನ ಜೇಬಿನ ಪುಸ್ತಕವೊಂದೇ. ವರದಿ ಕೊಟ್ಟಾಗಲೆಲ್ಲ ಆ ಪುಸ್ತಕದಲ್ಲಿ ಗುಮಾಸ್ತನಿಂದ ತಾರೀಖಿನ ಸೀಲು ಹಾಕಿಸಿಕೊಳ್ಳುವುದು ಅವರ ಹಳೇ ಚಾಳಿ. ಅದನ್ನು ಅಧಿಕಾರಿಗೆ ತೋರಿಸುತ್ತೇನೆಂದದ್ದಕ್ಕೆ ಮ್ಯಾನೇಜರ್ ಕರೆಸಿ, ಉಂಡ ಮನೆಗೆ ಎರಡು ಬಗೆಯುತ್ತೀಯಾ ಎಂದು ಕೇಳಿದ್ದಾರೆ. ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಹೆಂಡತಿ ಒಂದು ರಾತ್ರಿ ಅತ್ತು, ಮರುದಿನ ಎದ್ದು, ಗುರುವಾರಕ್ಕೆಂದು ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಾರೆ. ನನಗೆ ಮ್ಯಾನೇಜರ್ ಮೇಲೆ ಬಂದ ಸಿಟ್ಟು ಹುಂಜಣ್ಣನ ಮುಖದಲ್ಲಿ ಕಾಣಲಿಲ್ಲ. ಅವರ ಸಿಟ್ಟೆಲ್ಲ ತಮ್ಮ ಮೇಲೆಯೇ.

"ಸುಳ್ಳು ಬರೀಲಿಲ್ಲ ನಾನು," ಎನ್ನುತ್ತಾರೆ. "ಹೋದೆ, ನೆಲ ಮುಟ್ಟಿದೆ, ಬರೆದೆ. ಮೂರು ನಿಮಿಷದ ಕೆಲಸ. ಪಕ್ಕದ ಬಾಗಿಲು ತಟ್ಟಿ, ಈ ಹೆಣ್ಮಗಳು ಎಲ್ಲಿ ಹೋದ್ಲಮ್ಮ ಅಂತ ಕೇಳಿದ್ರೆ ಇನ್ನೊಂದು ನಿಮಿಷ ಆಗ್ತಿತ್ತು. ತಾಯಿ ಮನೆಗೆ ಹೋಗಿ, ವಿಳಾಸ ಬದಲಾಯಿಸಮ್ಮ ಅಂದು ಬರ್ತಿದ್ದೆ. ಆ ಮುದುಕಿ ಇವತ್ತು ಇರ್ತಿದ್ರೇನೋ."

ಪಕ್ಕದ ಮನೆಯ ಬಾಗಿಲು ತೆರೆಯುತ್ತದೆ. ಹೊದಿಕೆ ಹೊದ್ದ ಅಜ್ಜ ಗುರುಗುಟ್ಟುತ್ತಲೇ, ಮೂರು ಮಹಡಿಯ ಮನೆಯಲ್ಲಿದ್ದ ಗಂಡ ಹೆಂಡತಿ ಎರಡು ಬೀದಿ ಆಚೆ ಮನೆ ಮಾಡಿದ್ದಾರೆಂದು ಹೇಳುತ್ತಾರೆ. ಹುಂಜಣ್ಣ 'ಇಲ್ಲ'ದ ಕೆಳಗೆ ಹೊಸ ವಿಳಾಸ ಬರೆದುಕೊಂಡು ಸ್ಕೂಟರ್ ಕಡೆ ನಡೆಯುತ್ತಾರೆ. ಗುರುವಾರದ ನಂತರ ಏನು ಎಂದು ಕೇಳುತ್ತೇನೆ.

"ಕೆಲಸ ಉಳಿದ್ರೆ, ಫಾರಂನಲ್ಲಿ ಇನ್ನೊಂದು ಸಾಲು ಹಾಕಿ ಅಂತ ಕೇಳ್ಕೋತೀನಿ. ಇದೆ, ಇಲ್ಲ ಅಂತ ಎರಡೇ ಇದೆ ಅದ್ರಲ್ಲಿ. ಎಲ್ಲಿಗೆ ಹೋದರು, ಯಾಕೆ ಹೋದರು ಅಂತ ಬರೆಯೋಕೆ ಒಂದು ಸಾಲು," ಎಂದು ಕಿಕ್ಕರ್ ಒದೆಯುತ್ತಾರೆ. "ಹತ್ತಿ, ಹತ್ತಿ. ಅವರು ಆಫೀಸಿಗೆ ಹೊರಡೋಕೆ ಮೊದಲು ಹೇಳಿಬಿಡೋಣ."