ಗೇಟು ನುಂಗಿದ ಕಾರ್ಡು

ಕಲ್ಕತ್ತಾದ ನೆಲದಡಿಯ ರೈಲಿನ ಕಾರ್ಡನ್ನು ಖಾಲಿ ಮಾಡಿದವನು ನಾನು. ನಿಖಿಲ್ ಅಲ್ಲ. ನಮ್ಮ ಮಾಮಾ ಅಮರಪ್ಪ ಸಿಂಧನೂರಿನ ತನ್ನ ಅಕ್ಕಿ ಮಿಲ್ಲಿನ ಕಟ್ಟೆಯ ಮೇಲೆ ಕುಳಿತು ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆಯಲ್ಲಿ ಕಳ್ಳನಾಗಿ ನಿಂತಿರುವುದು ಬಂಗಾಲಿ ಕ್ಯಾಂಪಿನ ಹುಡುಗ ನಿಖಿಲ್. ನಿಲ್ಲಬೇಕಾಗಿದ್ದ ನಾನು ಅದೇ ಕಟ್ಟೆಯ ತುದಿಯಲ್ಲಿ ಕುಳಿತು, ಕಥೆಗೆ ಬೇಕಾದಲ್ಲೆಲ್ಲ ಕಲ್ಕತ್ತಾದ ದನಿ ತೆಗೆದು ಜನರನ್ನು ನಗಿಸುತ್ತಿದ್ದೆ. ಕಾರ್ಡು ಯಾಕೆ ಖಾಲಿ ಮಾಡಿದೆ ಅಂದರೆ — ಹೇಳಲಿಕ್ಕೂ ನಾಚಿಕೆ — ಸ್ಟೇಷನ್ನಿನ ಮೈಕಿನಲ್ಲಿ ಮಾತಾಡುವ ಹೆಂಗಸಿನ ದನಿ ಕಲಿಯಲಿಕ್ಕೆ.

ನನ್ನ ಹೆಸರು ಶರಣಪ್ಪ. ನಮ್ಮೂರು ಮಸ್ಕಿಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ‘ಟೇಪು’ ಅನ್ನುತ್ತಾರೆ. ಸಂತೆಯ ಮೆಣಸಿನಕಾಯಿ ಮುದುಕಿ, ಲಿಂಗಸುಗೂರು ಬಸ್ಸಿನ ಕಂಡಕ್ಟರು, ಕಚೇರಿಯ ಸಾಹೇಬರ ಕೆಮ್ಮು — ಒಮ್ಮೆ ಕಿವಿಗೆ ಬಿದ್ದರೆ ಸಾಕು, ನನ್ನ ಬಾಯಿಂದ ಹೊರಗೆ ಬರುತ್ತಿತ್ತು. ನನ್ನನ್ನೂ ಬಿಟ್ಟವನಲ್ಲ. ಗಣಿತದಲ್ಲಿ ನಪಾಸಾದ ದಿನ ಅಪ್ಪ ಬಾಯಿ ತೆರೆಯುವ ಮೊದಲೇ ಅಪ್ಪನ ದನಿಯಲ್ಲಿ ನನಗೆ ನಾನೇ ಬೈದುಕೊಂಡು, ಅಪ್ಪನಿಗೆ ಬೈಯಲು ಏನೂ ಉಳಿಸದೆ ಊಟಕ್ಕೆ ಕುಳಿತವನು.

ಮಾಮಾ ನನ್ನ ತಾಯಿಯ ಅಣ್ಣ. ಅನುಮಾನ ಅವನ ಮೈಗೆ ಅಂಟಿಕೊಂಡೇ ಹುಟ್ಟಿತ್ತು. ಚಹಾದಂಗಡಿಯಲ್ಲಿ ಕಪ್ಪಿನ ಕೆಳಗಿನ ಬಸಿ ಎತ್ತಿ ತಳ ನೋಡುತ್ತಿದ್ದ. ತಕ್ಕಡಿ ಕಂಡರೆ ತಟ್ಟೆ ಮಗುಚಿ ನೋಡುತ್ತಿದ್ದ. ದೇವರ ಗುಡಿಯಲ್ಲಿ ಕೈಮುಗಿಯುವಾಗ ಒಂದು ಕಣ್ಣು ಚಪ್ಪಲಿಯ ಮೇಲೆ. ಇಂಥವನು ಒಂದು ವಿಷಯದಲ್ಲಿ ಮಾತ್ರ ನಂಬಿಕೆ ಇಟ್ಟಿದ್ದ. ನಮ್ಮ ಕಡೆ ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಚಿಲ್ಲರೆ ಇಲ್ಲದಿದ್ದರೆ, ಕೊಡಬೇಕಾದದ್ದನ್ನು ಟಿಕೇಟಿನ ಹಿಂದೆ ಬರೆದುಕೊಡುತ್ತಾನಲ್ಲ, ಇಳಿಯುವಾಗ ಅದನ್ನು ತೋರಿಸಿ ಇಸಿದುಕೊಳ್ಳುತ್ತೇವಲ್ಲ — ಆ ಬರಹ. ಟಿಕೇಟಿನ ಹಿಂದೆ ಪೆನ್ನಿನಲ್ಲಿ ಬರೆದದ್ದು ಮಾತ್ರ ಸತ್ಯ. ಮುಂದೆ ಅಚ್ಚು ಹಾಕಿದ್ದೆಲ್ಲ ಸರಕಾರದ್ದು.

ತೊಂಬತ್ತರ ದಶಕದ ನಡುವಿನ ಮಾತು. ಮಿಲ್ಲಿಗೆ ಅಕ್ಕಿ ಪಾಲಿಶ್ ಮಾಡುವ ಹಳೆಯ ಯಂತ್ರವೊಂದು ಕಲ್ಕತ್ತಾದಲ್ಲಿ ಸಿಗುತ್ತದೆಂದು ಯಾರೋ ಹೇಳಿದರು. ಮಾಮಾ ಹೊರಟ. ಭಾಷೆಗೆ ನಿಖಿಲ್ ಬೇಕಾದ. ಅವನು ಸಿಂಧನೂರಿನಲ್ಲಿ ನನ್ನ ಸಹಪಾಠಿ. ಬಂಗಾಲದ ನಿರಾಶ್ರಿತರಿಗೆ ಸರಕಾರ ಜಾಗ ಕೊಟ್ಟ, ಕಾಲುವೆ ಪಕ್ಕದ ಕ್ಯಾಂಪಿನಲ್ಲಿ ಹುಟ್ಟಿದವನು. ಮನೆಯಲ್ಲಿ ಬಂಗಾಲಿ, ಹೊರಗೆ ನಮಗಿಂತ ಅಚ್ಚುಕಟ್ಟಾದ ಸಿಂಧನೂರಿನ ಕನ್ನಡ. ಲೆಕ್ಕದಲ್ಲಿ ಚುರುಕು. ಈ ಕೆಲಸ ಮುಗಿಸಿಕೊಟ್ಟರೆ ಮಿಲ್ಲಿನ ಗುಮಾಸ್ತನ ಕುರ್ಚಿ ಅವನಿಗೇ ಎಂದು ಮಾಮಾ ಮಾತು ಕೊಟ್ಟಿದ್ದ. ನಿಖಿಲನ ಅವ್ವ ಮಿಲ್ಲಿಗೆ ಹಾಕಿಕೊಂಡು ಹೋಗಲೆಂದು ಎರಡು ಬಿಳಿ ಅಂಗಿ ಹೊಲಿಸಿಯೂ ಇಟ್ಟಿದ್ದಳು. ಕ್ಯಾಂಪಿನಿಂದ ಮಿಲ್ಲಿಗೆ ಮೂಟೆ ಹೊರಲು ಬಂದವರಿದ್ದರು, ಕುರ್ಚಿಯ ಮೇಲೆ ಕೂರಲು ಬಂದವರಿರಲಿಲ್ಲ. ನಾನು ಯಾಕೆ ಹೋದೆ? ಮಾಮಾನಿಗೆ ನಿಖಿಲನ ಮೇಲೆ ಒಂದು ಕಣ್ಣು ಬೇಕಿತ್ತು. ಆ ಕಣ್ಣು ನಾನು.

ಅಲ್ಲಿ ವ್ಯಾಪಾರಿಯ ಅಂಗಡಿಗೂ ನಮ್ಮ ಲಾಡ್ಜಿಗೂ ನಡುವೆ ನೆಲದೊಳಗಿನ ರೈಲು. ಮೊದಲ ದಿನವೇ ರಾದ್ಧಾಂತ. ಹೊರಗೆ ಬರುವಾಗ ಗೇಟಿನ ಸೀಳಿನಲ್ಲಿ ಟಿಕೇಟು ಹಾಕಿದರೆ ಅದು ವಾಪಸ್ ಬರಲಿಲ್ಲ. ಊರು ಮುಟ್ಟಿದ ಮೇಲೂ ವಾರಗಟ್ಟಲೆ ಬಸ್ಸಿನ ಟಿಕೇಟನ್ನು ಕಿಸೆಯಲ್ಲಿಟ್ಟುಕೊಳ್ಳುವ ಮಾಮಾ ಗೇಟಿನ ಮುಂದೆ ಧೋತರ ಎತ್ತಿಕಟ್ಟಿ ನಿಂತುಬಿಟ್ಟ.

“ಕೊಟ್ಟ ಟಿಕೇಟು ತಿರುಗಿ ಇಸಗೊಂಡ್ರ ನಾಳೆ ಚೆಕ್ಕಿಂಗ್‌ನವ ಬಂದು ಕೇಳಿದ್ರ ಏನ್ ತೋರಸ್ಲಿ? ತಿರುಗಿ ಬರೋ ಟಿಕೇಟು ಕೊಡಸು ನಿಖಿಲ್ಯಾ.”

ನಿಖಿಲ್ ವಿಚಾರಿಸಿಕೊಂಡು ಬಂದ. ಒಮ್ಮೆ ದುಡ್ಡು ಕಟ್ಟಿದರೆ ಹಲವು ಸಲ ಓಡಾಡುವ ಕಾರ್ಡೊಂದು ಇದೆ. ಗೇಟು ಅದನ್ನು ಪ್ರತಿ ಸಲ ನುಂಗಿ ಆಚೆ ಬದಿಯಲ್ಲಿ ಉಗುಳುತ್ತದೆ. ಕೌಂಟರಿನಲ್ಲಿ ಮಾಮಾನಿಗೆ ಅದನ್ನು ಕೊಂಡದ್ದಾಯಿತು, ನಮ್ಮಿಬ್ಬರಿಗೆ ಸಾದಾ ಟಿಕೇಟೇ. ಮಾಮಾ ಅದನ್ನು ಬೆಳಕಿಗೆ ಹಿಡಿದ, ಮೂಸಿದ, ಕಿವಿಯ ಹತ್ತಿರ ಅಲ್ಲಾಡಿಸಿದ.

“ಒಳಗ ರೊಕ್ಕ ಐತಿ ಅಂತೀದಿ. ಎಲ್ಲೈತಿ?”

“ಕಾಣಂಗಿಲ್ರಿ ಸಾವ್ಕಾರ್ರ. ಈ ಕರೀ ಪಟ್ಟಿ ಒಳಗ ಇರ್ತೈತಂತ.”

“ಕಾಣೋ ರೊಕ್ಕ ಕೊಟ್ಟು ಕಾಣದ ರೊಕ್ಕ ತಗೊಂಡಂಗಾತು. ಹಿಂದ ಬರದು ಸಹಿ ಮಾಡಿಕೊಡು ಅನ್ನು ಅವಗ.”

ನಿಖಿಲ್ ಬಂಗಾಲಿಯಲ್ಲಿ ಹೇಳಿದ. ಕೌಂಟರಿನವನು ನಕ್ಕ. ನಿಖಿಲನೂ ನಕ್ಕ. ಮಾಮಾ ನನ್ನ ಕಿವಿಯಲ್ಲಿ ಕೇಳಿದ: “ಏನಂದ್ಕೊಂಡು ನಕ್ರಲೇ ಇಬ್ರೂ?”

ನನಗೆ ಬಂಗಾಲಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ನಾನು ಸುಮ್ಮನಿರುವವನೇ? ಅವರಿಬ್ಬರ ಮಾತನ್ನು ಅರ್ಥವಿಲ್ಲದೆ ಹಾಗೇ ತೆಗೆದು ತೋರಿಸಿದೆ — ಬಾಯಿ ಒಂದಿಷ್ಟು ಸೊಟ್ಟ ಮಾಡಿ, ದನಿ ಒಂದಿಷ್ಟು ತಗ್ಗಿಸಿ, ಮನೆಗೆ ಕನ್ನ ಹಾಕುವವರು ಮಾತಾಡಿಕೊಂಡಂತೆ. ಮಾಮಾ ನಗುತ್ತಾನೆ ಅಂದುಕೊಂಡಿದ್ದೆ. ಅವನು ನಗಲಿಲ್ಲ. ನಿಧಾನವಾಗಿ ತಲೆಯಾಡಿಸಿದ. ಈಗ ನೆನೆಸಿಕೊಂಡರೆ, ಎಲ್ಲ ಶುರುವಾದದ್ದು ಅಲ್ಲಿಯೇ.

ಕೌಂಟರಿನವನು ಬರೆಯದಿದ್ದರೇನು, ನಿಖಿಲ್ ಬರೆಯಬೇಕೆಂದು ಮಾಮಾ ಹಟ ಹಿಡಿದ. ಪ್ರತಿ ಸಲ ಹೊರಗೆ ಬಂದ ಮೇಲೆ, ಇನ್ನೆಷ್ಟು ಸಲ ಉಳಿಯಿತೆಂದು ನಿಖಿಲ್ ಕಾರ್ಡಿನ ಹಿಂದೆ ಮಾಮಾನ ಪೆನ್ನಿನಿಂದ ಬರೆಯಬೇಕು, ಹಳೆಯದನ್ನು ಹೊಡೆದುಹಾಕಬೇಕು. ಬರೆಯಬಾರದು, ಯಂತ್ರ ಕೆಡಬಹುದು ಅಂದ ನಿಖಿಲ್. “ಬರದ್ರ ಕೆಡೋ ಯಂತ್ರ ಎಂಥದಲೇ” ಅಂದ ಮಾಮಾ. ಅಂದಿನಿಂದ ನಿಖಿಲನನ್ನು ‘ಕಂಡಕ್ಟರ್’ ಅಂತಲೇ ಕರೆಯತೊಡಗಿದೆವು. ಮಾಮಾ ಕಾರ್ಡನ್ನು ಗೇಟಿಗೆ ಕೊಡುವಾಗ ಕೊನೆಯ ತನಕ ಬೆರಳು ಬಿಡುತ್ತಿರಲಿಲ್ಲ. ಯಂತ್ರ ಎಳೆಯುವುದು, ಮಾಮಾ ಎಳೆಯುವುದು, ಹಿಂದೆ ಇಡೀ ಕಲ್ಕತ್ತಾ ಸಾಲು ನಿಲ್ಲುವುದು.

ಒಂದು ಮಧ್ಯಾಹ್ನ ಮಾಮಾ ಊರಿನಿಂದ ತಂದ ಖಡಕ್ ರೊಟ್ಟಿ ತಿಂದು ಲಾಡ್ಜಿನಲ್ಲಿ ಮಲಗಿದ. ನಿಖಿಲ್ ತನ್ನ ಅಜ್ಜಿಯ ತಂಗಿಯನ್ನು ಹುಡುಕಿಕೊಂಡು ಹೋಗಿದ್ದ. ಮಾಮಾನ ಅಂಗಿ ಮೊಳೆಗೆ ನೇತಾಡುತ್ತಿತ್ತು. ಕಿಸೆಯಲ್ಲಿ ಕಾರ್ಡು.

ನಾನು ಹೋದೆ. ಹತ್ತಿದೆ, ಇಳಿದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಮೈಕಿನ ಹೆಂಗಸು ಮೂರು ಭಾಷೆಯಲ್ಲಿ ಮಾತಾಡುತ್ತಿದ್ದಳು. ಒಂದು ಭಾಷೆಗೆ ಮೂಗು, ಇನ್ನೊಂದಕ್ಕೆ ಗಂಟಲು, ಇಂಗ್ಲಿಷಿಗೆ ಬರೀ ತುಟಿ. ಅದು ಬಾಯಿಗೆ ಕೂರುವ ತನಕ ನನಗೆ ಬಿಡಲಾಗಲಿಲ್ಲ. ನಮ್ಮ ಲಾಡ್ಜಿನ ಕಡೆಯ ಸ್ಟೇಷನ್ನಿನಲ್ಲಿ ಗೇಟು ಕಾಯುತ್ತಿದ್ದ ದಪ್ಪ ಮೀಸೆಯವನು ನಾನು ಒಳಗೆ ಹೊರಗೆ ಸುತ್ತುವುದನ್ನು ನೋಡಿ ತಡೆದ. ಹೆದರಿ ಅವಳ ದನಿ ತೆಗೆದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಜೊತೆಯವರನ್ನು ಕರೆದು ಇನ್ನೊಮ್ಮೆ ಮಾಡಿಸಿದ. ನನ್ನ ಜೀವನದಲ್ಲೇ ಅಷ್ಟು ದೂರದ ಜನ ನನಗೆ ನಕ್ಕಿರಲಿಲ್ಲ. ಎಷ್ಟು ಸಲ ಓಡಾಡಿದೆ ಅನ್ನುವುದು ತಲೆಯಲ್ಲಿರಲಿಲ್ಲ. ಗಣಿತ ಹೇಗೂ ನನ್ನದಲ್ಲ. ಕಾರ್ಡನ್ನು ಕಿಸೆಯಲ್ಲಿಟ್ಟು, ಮಾಮಾನ ಪಕ್ಕದಲ್ಲಿ ಮಲಗಿ, ಅವನದೇ ಗೊರಕೆ ತೆಗೆದೆ.

ಮರುದಿನ ಯಂತ್ರದ ವ್ಯಾಪಾರ ಕುದುರಿತು. ಮೂವರೂ ಖುಷಿಯಿಂದ ವಾಪಸ್ ಬಂದೆವು. ಲಾಡ್ಜಿನ ಕಡೆಯ ಸ್ಟೇಷನ್ನಿನಲ್ಲಿ ಮಾಮಾ ಕಾರ್ಡು ಹಾಕಿದ. ಗೇಟು ಅವನನ್ನು ಆಚೆ ಬಿಟ್ಟಿತು. ಕಾರ್ಡು ಬರಲಿಲ್ಲ.

ಮಾಮಾ ಕಾದ. ಬಗ್ಗಿ ನೋಡಿದ. ಗೇಟನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದ. ಮೀಸೆಯವನು ಬಂದು, ಒಳಗಿದ್ದದ್ದು ಮುಗಿದರೆ ಗೇಟು ಕಾರ್ಡನ್ನು ಇಟ್ಟುಕೊಳ್ಳುತ್ತದೆ ಎಂದು ನಿಖಿಲನಿಗೆ ಹೇಳಿದಂತಿತ್ತು. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು. ಮುಖ ಅರಳಿತು. ಗದ್ದದಿಂದ ನನ್ನನ್ನು ತೋರಿಸಿ ನಿಖಿಲನಿಗೆ ಮತ್ತೇನೋ ಹೇಳಿ ನಕ್ಕ. ನಿಖಿಲ್ ನನ್ನ ಕಡೆ ತಿರುಗಿದ.

“ಏನಂದ ಅವ?” ಮಾಮಾ ಕೇಳಿದ.

ನಿಖಿಲ್ ನನ್ನನ್ನೇ ನೋಡುತ್ತ ಹೇಳಿದ: “ಮುಗದೈತಂತ್ರಿ.”

“ಹೆಂಗ ಮುಗೀತೈತಿ? ಇನ್ನೂ ಉಳದಾವ ಅಂತ ಬರದವ ನೀನಽ ಅಲ್ಲೇನು? ನಿನ್ನೆ ಮಧ್ಯಾಹ್ನ ಎಲ್ಲಿಗಿ ಹೋಗಿದ್ದಿ?”

“ನಮ್ಮ ಅಜ್ಜಿ ತಂಗಿ ಮನಿಗಿ.”

“ಸಿಕ್ಕಳೇನು?”

“ಇಲ್ರಿ.”

ಮಾಮಾ ನನ್ನ ಕಡೆ ತಿರುಗಿದ. “ನಿನಗೇನರ ಗೊತ್ತೇನಲೇ ಶರಣ್ಯಾ?”

ಆಗ ನಾನು ಹೇಳಿದ ಮಾತು ಇದು. ಯಾರ ನಕಲೂ ಅಲ್ಲ, ನನ್ನ ಸ್ವಂತದ್ದು:

“ನಂಗೇನ್ ಗೊತ್ತು ಮಾಮಾ. ಅವರವರ ಭಾಷಾ ಅವರವರಿಗೇ ಗೊತ್ತು.”

ಅಷ್ಟೇ. ನಿಖಿಲ್ ಕದ್ದ ಎಂದು ನಾನು ಹೇಳಲಿಲ್ಲ — ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೇಳುವುದು ಇನ್ನು ಹೇಗಿರುತ್ತದೆ.

ವಾಪಸ್ ಬರುವ ರೈಲಿನಲ್ಲಿ ಮಾಮಾ ನಿಖಿಲನ ಜೊತೆ ಮಾತಾಡಲಿಲ್ಲ. ಡಬ್ಬಿಯ ಆ ಬಿಗುವು ನನಗೆ ತಡೆಯಲಾಗಲಿಲ್ಲ. ಚಹಾ ಮಾರುವವನಾದೆ, ಟಿಕೇಟು ನೋಡುವವನಾದೆ, ಎಂಜಿನ್ ಆಗಿ ಸೀಟಿ ಹಾಕಿದೆ, ಸೇತುವೆ ದಾಟುವ ಸದ್ದು ತೆಗೆದೆ. ಎದುರಿನ ಸೀಟಿನವರು ನಕ್ಕರು, ಮಾಮಾನೂ ನಕ್ಕ. ನಿಖಿಲ್ ಮಾತ್ರ ಕಿಟಕಿಯ ಕಡೆ ನೋಡದೆ ನನ್ನನ್ನೇ ನೋಡುತ್ತ ಕುಳಿತಿದ್ದ. ಆ ನೋಟ ನನಗೆ ಬೆದರಿಕೆಯಂತೆ ಕಂಡಿತು. ಮಾಮಾ ನಿದ್ದೆ ಹೋದರೆ ಇವನು ನನ್ನ ಕುತ್ತಿಗೆ ಹಿಡಿಯುತ್ತಾನೆ ಎಂದು ಗುಮಾನಿ. ಮೇಲಿನ ಬರ್ತಿಗೆ ಹತ್ತಿ ಮುಖ ಮುಚ್ಚಿಕೊಂಡೆ.

ಸಿಂಧನೂರಿನಲ್ಲಿ ಬಸ್ಸು ಇಳಿದ ಮೇಲೆ ಮಾಮಾ ಅವನಿಗೆ ಹೇಳಿದ್ದು ಒಂದೇ ಮಾತು: “ಮಿಲ್ಲಿನ ಕಡೆ ಬರಬ್ಯಾಡ.” ಗುಮಾಸ್ತನ ಕುರ್ಚಿಯ ಮೇಲೆ ಕೂತವನು, ಗಣಿತದಲ್ಲಿ ನಪಾಸಾದ ನಾನು. ಇದಕ್ಕಿಂತ ದೊಡ್ಡ ನಕಲು ನಾನು ಮಾಡಿಲ್ಲ. ಕಟ್ಟೆಯ ಮೇಲೆ ಮಾಮಾ ಕಥೆ ಶುರು ಮಾಡಿದ — ‘ಕಂಡಕ್ಟರ್ ಚಿಲ್ಲರೆ ನುಂಗಿದ’. ನಾನು ನಿಖಿಲನ ಬಂಗಾಲಿ ತೆಗೆದೆ, ಅದೇ ಸೊಟ್ಟ ಬಾಯಿಯಲ್ಲಿ. ಜನ ನಕ್ಕರು. ನಗುತ್ತಾ ನಗುತ್ತಾ ಕ್ಯಾಂಪಿನವರೆಲ್ಲರನ್ನೂ ಅದೇ ಕಣ್ಣಿನಿಂದ ನೋಡಲು ಕಲಿತರು.

ಮೊನ್ನೆ ಕ್ಯಾಂಪಿನಿಂದ ಒಬ್ಬ ಕೆಲಸ ಕೇಳಿಕೊಂಡು ಮಿಲ್ಲಿಗೆ ಬಂದ. ಮಾಮಾ ಅವನ ಹೆಸರೂ ಕೇಳದೆ ಕಥೆ ಶುರು ಮಾಡಿ, ದನಿಗಾಗಿ ನನ್ನ ಕಡೆ ನೋಡಿದ. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಬಂದವನು ಹೊರಟುಹೋದ.

“ಮಾಮಾ, ಆ ಕಾರ್ಡು ಖಾಲಿ ಮಾಡಿದ್ದು ನಾನು.”

ಮಾಮಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಯಾರ ದನೀಲೇ ಇದು?”

“ನಂದಽ.” ಎಲ್ಲವನ್ನೂ ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚಿ ಮಡಚಿದ. ಆಮೇಲೆ ಅಂದ: “ಇರಬಹುದು. ಆದ್ರ ಅವನೂ ಏನರ ಮಾಡೇ ಇರ್ತಾನ ಬಿಡು.”

ಕಟ್ಟೆಯ ಮೇಲಿನವರಿಗೂ ಹೇಳಿದೆ. ಹೊಸ ನಕಲು ಅಂದುಕೊಂಡು ಅವರು ನಕ್ಕರು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬರಹದಲ್ಲಾದರೂ ಯಾರ ದನಿ ಎಂದು ಯಾರೂ ಕೇಳಲಾರರು. ಆ ಕುರ್ಚಿಯಲ್ಲಿ ನಾನು ಮತ್ತೆ ಕುಳಿತಿಲ್ಲ.

ನಿಖಿಲ್ ಈಗ ಲಿಂಗಸುಗೂರಿನಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಮಸ್ಕಿಯಿಂದ ಬಸ್ಸು ಹತ್ತಿ ಹೋದೆ. ದಾರಿಯುದ್ದಕ್ಕೂ ಅನುಮಾನ: ಹೊಡೆಯುತ್ತಾನೋ, ಗುರುತೇ ಇಲ್ಲದವನಂತೆ ಮಾಡುತ್ತಾನೋ, ಅಥವಾ ಎಲ್ಲ ಮರೆತು ನಕ್ಕುಬಿಡುತ್ತಾನೋ. ಆ ಮೂರನೆಯದಕ್ಕೇ ನನಗೆ ಹೆಚ್ಚು ಭಯ.

ಅವನು ಕೈಯ ಆ್ಯಸಿಡ್ ತೊಳೆದುಕೊಂಡು ಬಂದು ಸ್ಟೂಲು ಹಾಕಿದ. ನಾನು ಹೇಳಿ ಮುಗಿಸುವ ತನಕ ಕೇಳಿದ.

“ಗೊತ್ತೈತಿ,” ಅಂದ. “ಗೇಟಿನವ ಅವತ್ತಽ ಹೇಳಿದ. ನಿಮ್ಮ ಹುಡುಗ ನಿನ್ನೆ ಕಾರ್ಡು ಹಿಡ್ಕೊಂಡು ಒಳಗ ಹೊರಗ ಸುತ್ತಿ ಭಾಳ ನಗಿಸಿದ ಅಂತ.”

“ಮತ್ತ ಮಾಮಾನ ಮುಂದ ಯಾಕ ಹೇಳ್ಲಿಲ್ಲ ನೀ?”

ನಿಖಿಲ್ ಒರೆಸುವ ಬಟ್ಟೆಯನ್ನು ಮಡಚಿ ಮೊಣಕಾಲಿನ ಮೇಲಿಟ್ಟುಕೊಂಡ.

“ನಾ ಹೇಳಿದ್ರ ಅವರು ನಂಬತಿರ್ಲಿಲ್ಲ, ನೀ ಹೇಳಿದ್ರ ನಂಬತಿದ್ರು. ಅದಕ್ಕ ರೈಲಿನ್ಯಾಗ ಈಗ ಹೇಳ್ತಿ, ಈಗ ಹೇಳ್ತಿ ಅಂತ ನಿನ್ನ ಬಾಯಿ ನೋಡಿಕೋತ ಕುಂತಿದ್ದೆ. ನೀ ಎಂಜಿನ್ ಸೀಟಿ ಹಾಕಿಕೋತ ಬಂದಿ.”