ಲೋಟದ ನೀರು ಅಲುಗದ ಸೋಮವಾರ

ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಮುಕ್ಕಾಲು ತುಂಬಿದ ಸ್ಟೀಲ್ ಲೋಟ. ನೀರಿನ ಮೇಲೆ ಉಂಗುರಗಳೆದ್ದರೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಹೊಳೆನರಸೀಪುರದ ನಮ್ಮ ಮನೆಯ ಹಿತ್ತಲಿಗೇ ರೈಲು ನಿಲ್ದಾಣ. ಹಾಸನಕ್ಕೆ ಹೋಗುವ ಬೆಳಗಿನ ಪ್ಯಾಸೆಂಜರಿನ ಎಂಜಿನ್ ಸರಿಯಾಗಿ ಹಿತ್ತಲಿನೆದುರು ನಿಲ್ಲುತ್ತಿತ್ತು. ಡೀಸೆಲ್ ಉರಿಸಿ ಕರೆಂಟು ಹುಟ್ಟಿಸಿ, ಆ ಕರೆಂಟಿನಿಂದ ಚಕ್ರ ತಿರುಗಿಸಿಕೊಳ್ಳುವ ಎಂಜಿನ್ ಅದು, ನಿಂತಾಗಲೂ ಸುಮ್ಮನಿರದು. ಎದುರು ಗಾಡಿಗೆ ದಾರಿ ಬಿಡಲು ಐದು ನಿಮಿಷ ಗುಡುಗುಡು ಎನ್ನುತ್ತ ನಿಂತಿರುತ್ತಿತ್ತು. ನನಗೆ ಅಷ್ಟು ಸಾಕು. ಗಾಡಿ ಬರುವ ಹೊತ್ತು ದಿನಕ್ಕೊಂದು. ಗಡಿಯಾರಕ್ಕಿಂತ ಲೋಟವೇ ವಾಸಿ.

ಹಾಸನದ ಕಾಲೇಜೊಂದರ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಜ್ವರದಿಂದೆದ್ದ ವಾರ ಎರಡು ಸಲ ತಡವಾಗಿತ್ತು. ಮೂರನೆಯ ಸಲವಾದರೆ ಹಾಸನದಲ್ಲೇ ಹಾಸ್ಟೆಲ್ ಸೇರುವುದಾಗಿ ಪ್ರಾಂಶುಪಾಲರಿಗೆ ಮಾತು ಕೊಟ್ಟಿದ್ದೆ. ಮನೆ ಬಿಡುವ ಮನಸ್ಸು ನನಗಿರಲಿಲ್ಲ.

ಆ ಸೋಮವಾರ ಲೋಟ ಅಲುಗಲೇ ಇಲ್ಲ. ಹಾರ್ನ್ ಕೇಳಿ ಹಿತ್ತಲಿಗೆ ಓಡಿದಾಗ ಕೊನೆಯ ಬೋಗಿ ದಾಟುತ್ತಿತ್ತು. ಮುಂದೆ ಎಲೆಕ್ಟ್ರಿಕ್ ಎಂಜಿನ್, ಗುಡುಗುಡು ಎನ್ನದೆ ನಿಂತು ಹೊರಟಿತ್ತು. ಹಳಿಯ ಮೇಲೆ ತಂತಿ ಎಳೆದು ತಿಂಗಳುಗಳಾಗಿದ್ದವು. ದಿನಾ ನೋಡಿದ್ದೆ, ಲೋಟದ ವಿಷಯ ಮಾತ್ರ ಹೊಳೆದಿರಲಿಲ್ಲ.

ಪ್ಲಾಟ್‌ಫಾರಂನಲ್ಲಿ ಹಾಸನಕ್ಕೆ ಹೂವು ಒಯ್ಯುವ ಹೆಂಗಸು ಬುಟ್ಟಿ ಹಿಡಿದು ನಿಂತಿದ್ದಳು. ಅವಳೂ ರೈಲ್ವೆ ಗೇಟಿನಾಚೆಯ ಮನೆಯಿಂದ ಸದ್ದು ಕೇಳಿಯೇ ಹೊರಡುವವಳು.

“ಕಳ್ಳನಂಗೆ ಬಂದು ಓಗ್ಬುಡ್ತು ಕಣವ್ವ,” ಎಂದಳು. “ಓದಿರೋಳು, ನೀನೂ ಕಿವೀನೇ ನಂಬ್ಕಂಡಿದ್ಯಾ?”

“ಕಿವಿ ಅಲ್ಲ, ಲೋಟ.”

“ಯಾವ್ ಲೋಟ?”

ಹೇಳಿದೆ. ಬುಟ್ಟಿ ಕೆಳಗಿಟ್ಟು ನಕ್ಕಳು. “ನನ್ ಕಿವಿಗಿಂತ ನಿನ್ ಲೋಟ ಏನ್ ಮೇಲಲ್ಲ ಬುಡು. ನಡಿ, ನಮ್ ಭಾವನ ಟೆಂಪೋ ಈಗ್ಲೇ ಹಾಸನಕ್ಕೋಯ್ತದೆ.”

ಟೊಮೇಟೊ ಕ್ರೇಟುಗಳ ಟೆಂಪೋದಲ್ಲಿ ಮುಂದೆ ಇಬ್ಬರಿಗೆ ಜಾಗ, ಬುಟ್ಟಿಗೆ ನನ್ನ ಮಡಿಲು. ಅವಳ ಭಾವ ದಾರಿಯುದ್ದಕ್ಕೂ, “ರೈಲಿಗಿಂತ ಮುಂಚೆ ಬಿಡ್ತೀನಿ ನೋಡವ್ವ,” ಎನ್ನುತ್ತಲೇ ಇದ್ದ. ರೈಲಿಗಿಂತ ಮುಂಚೆಯೋ ತಿಳಿಯಲಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಾಗ ಇನ್ನೂ ಎರಡು ನಿಮಿಷ ಉಳಿದಿತ್ತು. ಪ್ರಾಂಶುಪಾಲರು ಗಡಿಯಾರ ನೋಡಿದರು, ನನ್ನ ದುಪಟ್ಟಾಕ್ಕೆ ಅಂಟಿದ ಸೇವಂತಿಗೆ ಎಸಳನ್ನೂ ನೋಡಿದರು. ಹಾಜರಿ ಪುಸ್ತಕ ಮುಚ್ಚಿದರು.

ಮರುದಿನ ಬೆಳಿಗ್ಗೆ ಲೋಟದ ನೀರನ್ನು ಕುಡಿದು, ಲೋಟವನ್ನು ತೊಳೆದು ಬೋರಲಿಟ್ಟೆ. ಅರ್ಧ ಗಂಟೆ ಮುಂಚೆಯೇ ನಿಲ್ದಾಣಕ್ಕೆ ನಡೆದೆ. ಹೂವಿನವಳು ಆಗಲೇ ಬಂದಿದ್ದಳು. ಬುಟ್ಟಿ ಸರಿಸಿ ಬೆಂಚಿನಲ್ಲಿ ಜಾಗ ಮಾಡಿದಳು, ಕೂತೆ.