ಮಾಮ ‘ಚಾಲು’ ಅಂದ್ರು

ನಾನು ಐದನೇ ಕ್ಲಾಸಿನಲ್ಲಿದ್ದ ಆ ಕಾಲಕ್ಕೆ, ಆಂಧ್ರದ ಗಡಿಯ ರಾಯದುರ್ಗದ ನಮ್ಮ ಓಣಿಯಲ್ಲಿ ಕಾರು ಅಂತ ಇದ್ದದ್ದು ನಮ್ಮದೊಂದೇ. ಅದೂ ಅಪ್ಪ ಮದುವೆ ಬಾಡಿಗೆಗೆ ಓಡಿಸುತ್ತಿದ್ದ ಹಳೆಯ, ದೊಡ್ಡ ಬಿಳಿ ಕಾರು. ಒತ್ತಿ ಕೂರಿಸಿದರೆ ಒಂಬತ್ತು ಜನ ಹಿಡಿಸುತ್ತಿದ್ದರು, ಆದರೆ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಪೆಟ್ರೋಲ್ ಟ್ಯಾಂಕ್ ಸೋರಿದರೆ ಬಟ್ಟೆ ಸೋಪು ತಿಕ್ಕಿ ಮುಚ್ಚುತ್ತಿದ್ದರು. ರೇಡಿಯೇಟರ್ ಸೋರಿದರೆ ಅಡುಗೆಮನೆಯ ಅರಿಶಿನಪುಡಿ ಅದರ ಹೊಟ್ಟೆಗೆ ಹೋಗುತ್ತಿತ್ತು. ಬಿಸಿಲಿಗೆ ನೀರು ಕುದಿದರೆ ಓಣಿಗೆಲ್ಲ ಸಾರಿನ ವಾಸನೆ. “ನಿಮ್ಮ ಕಾರಿಗೆ ಒಗ್ಗರಣೆ ಒಂದು ಬಾಕಿ ನೋಡ್ರಿ” ಅಂತ ಅಮ್ಮ ಅಪ್ಪನನ್ನು ಕಾಡಿಸುತ್ತಿದ್ದಳು.

ಹೀಗೆ ಏನೇನೋ ಮಾಡಿ ಆ ಕಾರಿನ ಜೀವ ಹಿಡಿದಿಟ್ಟಿದ್ದವರು ಮೆಕ್ಯಾನಿಕ್ ಓಬಳೇಶ ಮಾಮ. ಗುತ್ತಿ ಕಡೆಯವರು, ಮನೆಮಾತು ತೆಲುಗು. ನಮ್ಮ ಮನೆಯಲ್ಲಿ ಕನ್ನಡ. ಆದರೆ ನಾನು ಓಣಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದದ್ದು, ಜಗಳ ಆಡುತ್ತಿದ್ದದ್ದು ಎಲ್ಲ ತೆಲುಗಿನಲ್ಲೇ. ನನಗೆ ತೆಲುಗು ಅಷ್ಟು ಚೆನ್ನಾಗಿ ಬರುತ್ತದೆ ಅಂತ ಅಪ್ಪ ಅಮ್ಮನಿಗಾಗಲಿ ಮಾಮನಿಗಾಗಲಿ ಗೊತ್ತಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಫ್ಯಾನ್ ಬೆಲ್ಟ್ ಕಿತ್ತುಹೋಗಿತ್ತು. ಮಾಮ ಅಮ್ಮ ಕೊಟ್ಟ ಉಗ್ಗಾಣಿ ತಿಂದು, ಬಾನೆಟ್ ಎತ್ತಿ ಹೊಸ ಬೆಲ್ಟ್ ಹಾಕಿದರು. ಅಪ್ಪ ನೀರು ತರಲು ಒಳಗೆ ಹೋಗಿದ್ದ. ಮಾಮ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಕೀ ತೋರಿಸಿದರು.

“ಪಾಪಾ, ನಾನ್ ಹೇಳಿದಾಗ ಸ್ವಲ್ಪ ಸೆಲ್ಫ್ ಹೊಡಿ. ಸ್ವಲ್ಪೇ.”

ಗೇಟಿನ ಆಚೆ ನನ್ನ ಕ್ಲಾಸಿನ ಮೂವರು ಹುಡುಗಿಯರು ನಿಂತು ನೋಡುತ್ತಿದ್ದರು. “ಇಕಿ ಏನ್ ಕಾರ್ ಬಿಡ್ತಾಳ” ಅಂತ ಒಬ್ಬಳು ಕಿಸಕ್ಕಂದಳು. ಮಾಮ ಹೇಳಿದ ಕೂಡಲೇ ಕೀ ತಿರುಗಿಸಿದೆ. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

“ಚಾಲು ಪಾಪಾ, ಚಾಲು” ಅಂದ ಮಾಮ, ಬೆಲ್ಟ್ ಬಿಗಿ ಇದೆಯಾ ಅಂತ ನೋಡಲು ಕೈ ಒಳಗೆ ಹಾಕಿದರು. ತೆಲುಗಿನಲ್ಲಿ ಚಾಲು ಅಂದರೆ ಸಾಕು ಅಂತ. ಬಾನೆಟ್ ಅಡ್ಡ ಇದ್ದದ್ದರಿಂದ ಅವರ ಕೈ ನನಗೆ ಕಾಣಲಿಲ್ಲ, ಅದು ನಿಜ. ಮಾತು ಮಾತ್ರ ಕೇಳಿಸಿತು, ಅರ್ಥವೂ ಆಯಿತು. ಆದರೂ ಆ ಹುಡುಗಿಯರ ಎದುರು ಒಮ್ಮೆಯಾದರೂ ಕಾರು ಗುಡುಗಲಿ ಅಂತ ಇನ್ನೊಂದು ಸಲ ತಿರುಗಿಸಿದೆ. ಗುಡುಗಿತು.

ಮಾಮನ ಬಲಗೈಯ ಎರಡು ಬೆರಳು ಹೋದವು.

ಅಪ್ಪ ಓಡಿ ಬಂದು ಆ ಕೈಗೆ ಟವೆಲ್ ಸುತ್ತಿದ. ನನ್ನ ಕಡೆ ತಿರುಗಿ ಕೈ ಎತ್ತಿದ. “ಯಾಕ ತಿರುಗಿಸಿದಿ? ಯಾರ್ ಹೇಳಿದ್ರು?”

“ಮಾಮ ಚಾಲು ಅಂದ್ರು.”

ನಮ್ಮ ಕಡೆಯ ಕನ್ನಡದಲ್ಲಿ ಚಾಲು ಮಾಡು ಅಂದರೆ ಶುರು ಮಾಡು ಅಂತ. ಅಪ್ಪನ ಕೈ ಹಾಗೇ ಇಳಿಯಿತು. ನಾನು ಆಡಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಅದೇ ನನಗೆ ಇವತ್ತಿಗೂ ಹೇಸಿಗೆ ಹುಟ್ಟಿಸುವ ಸಂಗತಿ.

ಆಸ್ಪತ್ರೆಯಲ್ಲಿ ಮಾಮನೇ ಅಪ್ಪನಿಗೆ ಸಮಾಧಾನ ಹೇಳಿದರಂತೆ. “ಬಿಡಣ್ಣಾ, ಪಾಪಗೆ ಏನ್ ಗೊತ್ತು. ಕನ್ನಡದ ಮಗೂಗೆ ತೆಲುಗಲ್ಲಿ ಹೇಳಿದ್ದು ನಂದೇ ತಪ್ಪು.” ಸಂಜೆ ಅಪ್ಪ ಇದನ್ನು ಅಮ್ಮನಿಗೆ ಹೇಳುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಸದ್ಯ ಬಚಾವಾದೆ ಅಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು.

ಆ ಕಾರು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅದು ನಿಲ್ಲುತ್ತಿದ್ದ ಜಾಗದಲ್ಲಿ ನನ್ನ ಅಣ್ಣ ಈಗ ಜೀನ್ಸ್ ಹೊಲಿಯುವ ಮಿಷನ್ ಹಾಕಿದ್ದಾನೆ. ಹೋದ ತಿಂಗಳು ಅದರ ಪೂಜೆಗೆ ಮಾಮ ಹೆಂಡತಿಯ ಜೊತೆ ಬಂದಿದ್ದರು. ಊಟಕ್ಕೆ ನಾನೇ ಬಡಿಸಿದೆ. ಮೂರೇ ಬೆರಳು ಉಳಿದ ಕೈಯನ್ನು ಎಲೆಗೆ ಅಡ್ಡ ಹಿಡಿದು ಮಾಮ “ಸಾಕು, ಸಾಕು” ಅಂದರು.

“ಮಾಮ, ನಿಮ್ಮ ಬಾಯಲ್ಲೂ ಸಾಕು ಬಂತಲ್ಲ” ಅಂದೆ, ಏನೋ ಮಾತಾಡಬೇಕು ಅಂತ.

ಅವರ ಹೆಂಡತಿ ಹೇಳಿದರು: “ಅವತ್ತಿಂದ ಇವರು ಮನೇಲೂ ಚಾಲು ಅನ್ನಲ್ಲಮ್ಮಾ. ನಮ್ ಮೊಮ್ಮಕ್ಕಳ ಹತ್ರಾನೂ ಸಾಕು ಅಂತಾನೇ ಅಂತಾರ. ಯಾವ ಮಗು ಏನ್ ತಿಳ್ಕೊಂಡೀತೋ ಅಂತ ಭಯ.”

ಕಾರು ಹೋದದ್ದಕ್ಕೆ ನನಗೆ ದುಃಖವಿಲ್ಲ. ಮಾಮನ ಬೆರಳುಗಳನ್ನು ನಾನು ವಾಪಸ್ ಕೊಡಲಾರೆ. ಆದರೆ ಅವರ ಮನೆಮಾತಿನ ಆ ಒಂದು ಪದವನ್ನು ಅವತ್ತೇ ಕೊಡಬಹುದಿತ್ತು. “ಮಾಮ, ನನಗೆ ಅರ್ಥವಾಗಿತ್ತು” ಅಂದಿದ್ದರೆ ಆಗುತ್ತಿತ್ತು. ನಾನು ಅನ್ನದ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದೆ.